ಬಂದವರು ಮರಳಿದ ಮೇಲೆ

ಮೇ ತಿಂಗಳ ಕೊನೆಯ ವಾರದಲ್ಲಿ ಘಟ್ಟವಿಳಿದು ಗೋಕರ್ಣಕ್ಕೆ ಹೋದವರಿಗೆ ಬೇರೆಯೇ ಒಂದು ಊರು ಕಾಣಸಿಗುತ್ತದೆ. ಚಳಿಗಾಲದುದ್ದಕ್ಕೂ ಕುಡ್ಲೆ ಮತ್ತು ಓಂ ಕಡಲತೀರಗಳಲ್ಲಿ ಬೀಡುಬಿಟ್ಟಿದ್ದ ಪರದೇಶದ ಪ್ರವಾಸಿಗರು ಸೆಖೆ ಏರುವ ಹೊತ್ತಿಗೇ ಹೊರಟುಹೋಗಿರುತ್ತಾರೆ. ಬೇಸಿಗೆ ರಜೆಗೆಂದು ಬಂದ ಬೆಂಗಳೂರು, ಹುಬ್ಬಳ್ಳಿ ಕಡೆಯ ಕುಟುಂಬಗಳೂ ಶಾಲೆ ತೆರೆಯುವ ದಿನ ಸಮೀಪಿಸಿದಂತೆ ಮರಳುತ್ತವೆ. ಮರಳದಂಡೆಯ ಗುಡಿಸಲು ಹೋಟೆಲುಗಳ ಮಾಡು ಬಿಚ್ಚಿ, ಬಿದಿರು ಗಳಗಳನ್ನು ಕಟ್ಟಿ ಒಳಗಿಡುವ ಕೆಲಸ ನಡೆದಿರುತ್ತದೆ. ಜೂನ್ ಮೊದಲ ವಾರದ ಗಾಳಿಮಳೆಗೆ ಕಡಲು ಬಣ್ಣ ಬದಲಿಸಿ ದಂಡೆಯವರೆಗೂ ನುಗ್ಗುತ್ತದೆ. ಅಲ್ಲಿಂದ ಮುಂದೆ ಮೂರು ತಿಂಗಳು ಊರಿನಲ್ಲಿ ಮಹಾಬಲೇಶ್ವರನ ಗಂಟೆ, ಮಳೆ ಮತ್ತು ಅಲೆ, ಇಷ್ಟರದೇ ಸದ್ದು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ಗೋಕರ್ಣ ಅಪರಿಚಿತವಲ್ಲ. ಪಿತೃಕಾರ್ಯಕ್ಕೋ ಶಿವರಾತ್ರಿಗೋ ಹೋಗಿಬಂದವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಆ ಊರಿನ ಮಳೆಗಾಲದ ಮೌನದಿಂದ ಘಟ್ಟದ ಮೇಲಿನವರು ಕಲಿಯಬೇಕಾದ ಪಾಠವೊಂದಿದೆ. ಪ್ರವಾಸೋದ್ಯಮದ ಭಾಷೆಯಲ್ಲಿ ಈ ಅವಧಿಗೆ ‘ಆಫ್ ಸೀಸನ್’ ಎಂದು ಹೆಸರು. ವ್ಯವಹಾರವಿಲ್ಲದ ಕಾಲ, ನಷ್ಟದ ಕಾಲ ಎಂಬುದು ಆ ಮಾತಿನ ಧ್ವನಿ. ನೆಲ, ನೀರು, ಕಾಡುಗಳ ಲೆಕ್ಕದಲ್ಲಿ ನೋಡಿದರೆ ಇದು ವರ್ಷದಲ್ಲೇ ಅತಿ ಹೆಚ್ಚು ಕೆಲಸ ನಡೆಯುವ ಕಾಲ. ಕರಾವಳಿಗೆ ಈ ಬಿಡುವನ್ನು ಹವಾಮಾನವೇ ಕೊಟ್ಟಿದೆ. ಮಲೆನಾಡು ಅದನ್ನು ಕಳೆದುಕೊಳ್ಳುತ್ತಿದೆ. ಈ ವ್ಯತ್ಯಾಸವನ್ನು ಹಳ್ಳಿಗಳ ಹಿರಿಯರೂ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳೂ ಗಂಭೀರವಾಗಿ ವಿಚಾರಮಾಡಬೇಕಾದ ಹೊತ್ತು ಇದು.

ಗಜನಿ ಗದ್ದೆಯ ಪಾಠ

ಗೋಕರ್ಣದ ಕಡಲತೀರ ಬರಿದಾದಾಗ ಅದರ ಬೆನ್ನಿಗಿರುವ ಅಘನಾಶಿನಿಯ ಅಳಿವೆಯಲ್ಲಿ ಕೆಲಸ ಆರಂಭವಾಗುತ್ತದೆ. ಉಬ್ಬರದ ಉಪ್ಪುನೀರು ಹರಿದಾಡುವ ತಗ್ಗು ಬಯಲುಗಳಿಗೆ ಅಲ್ಲಿ ಗಜನಿ ಎನ್ನುತ್ತಾರೆ. ಮಳೆ ಹಿಡಿದು ಹೊಳೆಯ ಸಿಹಿನೀರು ಬಯಲಿನ ಉಪ್ಪನ್ನು ತೊಳೆಯುವ ಹೊತ್ತಿಗೆ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಉಪ್ಪಿನಂಶವನ್ನೂ ನೆರೆಯನ್ನೂ ತಾಳಿಕೊಳ್ಳುವ ಈ ತಳಿಗೆ ಗೊಬ್ಬರವಿಲ್ಲ, ಔಷಧಿಯಿಲ್ಲ. ಹೊಳೆ ಹೊತ್ತು ತಂದ ಮೆಕ್ಕಲೇ ಅದರ ಆಹಾರ. ಕೊಯ್ಲಿನ ನಂತರ ಕಟ್ಟಿನ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ, ಗದ್ದೆಯ ಕೂಳೆಯ ನಡುವೆ ಮೀನು, ಸಿಗಡಿಗಳು ಬೆಳೆಯುತ್ತವೆ. ಅದೇ ಅಳಿವೆಯ ಸಾಣಿಕಟ್ಟಾದಲ್ಲಿ ಬೇಸಿಗೆಯ ಬಿಸಿಲಿಗೆ ಉಪ್ಪು ತೆಗೆಯುತ್ತಾರೆ. ಒಂದೇ ಅಳಿವೆ ಮಳೆಗೆ ಅನ್ನ, ಚಳಿಗೆ ಮೀನು, ಬಿಸಿಲಿಗೆ ಉಪ್ಪು ಕೊಡುತ್ತದೆ. ಒಂದು ಕಸುಬಿಗೆ ಬಿಡುವಾದ ಕಾಲ ಇನ್ನೊಂದು ಕಸುಬಿನ ಸುಗ್ಗಿ.

ಈ ಸರದಿ ಮುರಿದಾಗ ಏನಾಯಿತು ಎಂಬುದೂ ಅಲ್ಲಿಯೇ ದಾಖಲಾಗಿದೆ. 1990ರ ದಶಕದಲ್ಲಿ ಸಿಗಡಿಗೆ ಒಳ್ಳೆಯ ಬೆಲೆ ಬಂದಾಗ ಅನೇಕ ಗಜನಿಗಳಲ್ಲಿ ಸಿಗಡಿ ಸಾಕಣೆಯೇ ವರ್ಷವಿಡೀ ನಡೆಯುವ ಕಸುಬಾಯಿತು. ಕಗ್ಗಕ್ಕೆ ಮೀಸಲಾಗಿದ್ದ ಮಳೆಗಾಲವನ್ನೂ ಅದು ತೆಗೆದುಕೊಂಡಿತು. ಬಳಿಕ ಬಿಳಿಚುಕ್ಕೆ ರೋಗ ಬಂದು ಸಿಗಡಿ ಸತ್ತಿತು. ಆ ವೇಳೆಗೆ ಕಗ್ಗದ ಬೀಜ ಉಳಿಸಿಕೊಂಡವರು ವಿರಳವಾಗಿದ್ದರು. ಕಟ್ಟುಗಳ ಮೇಲಿನ ಸಾಮೂಹಿಕ ನಿಗಾ ತಪ್ಪಿತ್ತು. ಹೆಚ್ಚು ಹಣದ ಆಸೆಯಿಂದ ಒಂದು ಋತು ಇನ್ನೊಂದರ ಜಾಗವನ್ನು ಕಬಳಿಸಿದಾಗ ಕೊನೆಗೆ ಎರಡೂ ಹೋದವು. ಕುಮಟಾ ತಾಲೂಕಿನ ಮಾಣಿಕಟ್ಟಾದಂಥ ಊರುಗಳ ಕೆಲವು ರೈತರು ಬೀಜವನ್ನು ಕೈಬಿಡದೆ ಕಾಯ್ದುಕೊಂಡದ್ದರಿಂದ ಕಗ್ಗ ಇಂದಿಗೂ ಉಳಿದಿದೆ.

ಪ್ರವಾಸಿಗರ ಹಣವನ್ನೇ ನಂಬಿದ ಊರಿಗೂ ಇದೇ ಮಾತು ಅನ್ವಯಿಸುತ್ತದೆ. ಮಳೆಗಾಲದಲ್ಲಿ ಗೋಕರ್ಣದ ಸುತ್ತಲಿನ ಮನೆಗಳು ಎರಡು ಬಗೆಯವಾಗುತ್ತವೆ. ಗದ್ದೆ, ತರಕಾರಿ ಮಡಿ, ಬಲೆ, ದೋಣಿಗಳಲ್ಲಿ ಯಾವುದಾದರೊಂದು ಇರುವ ಮನೆಗೆ ಜೂನ್ ಬಂದರೆ ಕೈತುಂಬ ಕೆಲಸ. ಜಾಗ ಮಾರಿ, ಕಸುಬು ಬಿಟ್ಟು, ಬಾಡಿಗೆ ಕೋಣೆಯೊಂದನ್ನೇ ಆಶ್ರಯಿಸಿದ ಮನೆಗೆ ಸಾಲದ ಕಂತಿನ ಚಿಂತೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ದೇಶವೇ ಬಾಗಿಲು ಹಾಕಿದಾಗ ಈ ವ್ಯತ್ಯಾಸ ಮಳೆಗಾಲಕ್ಕೂ ಕಾಯಲಿಲ್ಲ. ನಡುಬೇಸಿಗೆಯಲ್ಲೇ ಎದುರಿಗೆ ಬಂದು ನಿಂತಿತು. ಊರೊಂದರ ಪ್ರವಾಸೋದ್ಯಮ ಎಷ್ಟು ಗಟ್ಟಿ ಎಂಬುದನ್ನು ಅತಿಥಿಗಳು ತುಂಬಿರುವ ತಿಂಗಳಿನಿಂದ ಅಳೆಯಲಾಗದು. ಅತಿಥಿಗಳಿಲ್ಲದ ತಿಂಗಳಲ್ಲಿ ಆ ಊರು ಹೇಗೆ ಉಣ್ಣುತ್ತದೆ ಎಂಬುದೇ ಅದರ ಅಳತೆಗೋಲು.

ದೂರದ ಮೆಕ್ಸಿಕೊ ದೇಶದ ಪೆಸಿಫಿಕ್ ಕಡಲತೀರದ ಊರುಗಳದ್ದೂ ಇಂಥದೇ ಬದುಕು. ಅಮೆರಿಕ, ಕೆನಡಾಗಳ ಚಳಿ ತಪ್ಪಿಸಿಕೊಳ್ಳಲು ಬಂದವರು ವಸಂತದಲ್ಲಿ ಮರಳುತ್ತಾರೆ. ಜೂನ್ ವೇಳೆಗೆ ಅಲ್ಲಿಯೂ ಮಳೆ ಹಿಡಿಯುತ್ತದೆ. ಜನ ವಿರಳವಾದ ಆ ದಂಡೆಗಳಿಗೆ ಮೊಟ್ಟೆಯಿಡಲು ಆಲಿವ್ ರಿಡ್ಲೆ ಕಡಲಾಮೆಗಳು ಹೆಚ್ಚಾಗಿ ಬರುವುದು ಆ ಮಳೆಯ ತಿಂಗಳುಗಳಲ್ಲಿಯೇ. ಉತ್ತರ ಕನ್ನಡದ ದಂಡೆಗಳಿಗೆ ಅದೇ ಜಾತಿಯ ಆಮೆಗಳು ಬರುವುದು ಚಳಿಗಾಲದಲ್ಲಿ, ಅಂದರೆ ಪ್ರವಾಸಿಗರ ಸುಗ್ಗಿಯಲ್ಲಿ. ಆದಕಾರಣ ಬಿಡುವಿನ ಕಾಲ ಯಾವುದೆಂದು ಹೋಟೆಲಿನ ದರಪಟ್ಟಿ ನೋಡಿ ತೀರ್ಮಾನಿಸಲಾಗದು. ಆಯಾ ನೆಲದಲ್ಲಿ ಯಾವ ಜೀವಕ್ಕೆ ಯಾವಾಗ ಏಕಾಂತ ಬೇಕು ಎಂಬುದನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.

ಘಟ್ಟದ ಮೇಲಿನ ತಿರುಗಿದ ಪಂಚಾಂಗ

ಘಟ್ಟದ ಕೆಳಗೆ ಮಳೆ ಬಾಗಿಲು ಹಾಕುತ್ತದೆ. ಘಟ್ಟದ ಮೇಲೆ ಮಳೆಯೇ ಬಾಗಿಲು ತೆರೆಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜೋಗದ ಸಿರಿ ಬಹುಮಟ್ಟಿಗೆ ಮಳೆಗಾಲದ್ದಾಯಿತು. ಹಳ್ಳಕೊಳ್ಳಗಳು ಉಕ್ಕಿ ಹರಿದಾಗ, ಜಲಾಶಯ ತುಂಬಿ ನೀರು ಬಿಟ್ಟಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಆಳಕ್ಕೆ ಧುಮುಕುತ್ತವೆ. ಸುದ್ದಿ ಹಬ್ಬಿದ ವಾರಾಂತ್ಯದಲ್ಲಿ ಸಾಗರದಿಂದ ತಾಳಗುಪ್ಪದವರೆಗೆ ವಾಹನಗಳ ಸಾಲು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಗೆ ಜನ ಬರುವುದು ಆ ಮಳೆಯನ್ನು ನೋಡಲೆಂದೇ. ಕೊಡಚಾದ್ರಿ, ಕುಂದಾದ್ರಿ, ಕವಲೇದುರ್ಗಗಳಿಗೆ ಮಂಜಿನಲ್ಲಿ ಹತ್ತುವ ಹಂಬಲ. ಮಳೆ ನಿಂತರೆ ದಸರಾ ರಜೆ, ಆಮೇಲೆ ಚಳಿಗಾಲದ ಚಾರಣ, ಶಾಲಾ ಪ್ರವಾಸ, ಬೇಸಿಗೆಗೆ ದೇವಸ್ಥಾನಗಳ ಯಾತ್ರೆ. ಪಂಚಾಂಗದಲ್ಲಿ ಖಾಲಿ ಉಳಿದ ವಾರಗಳು ಬೆರಳೆಣಿಕೆಯವು.

ಹಿಂದೆ ಮಲೆನಾಡಿನ ಮಳೆಗಾಲಕ್ಕೆ ತನ್ನದೇ ಕಾವಲಿತ್ತು. ಆಷಾಢದಲ್ಲಿ ಮದುವೆ ಮುಂಜಿಗಳಿಲ್ಲ ಎಂಬ ಕಟ್ಟಳೆಗೆ ಶಾಸ್ತ್ರದ ಕಾರಣ ಏನೇ ಇರಲಿ, ಅಗೆ ಕಿತ್ತು ನೆಟ್ಟಿ ಮಾಡುವ, ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಮನೆಗೆ ನೆಂಟರ ದಂಡು ಬಾರದಂತೆ ಅದು ತಡೆಯುತ್ತಿತ್ತು. ಮೃಗಶಿರಾ ಮಳೆ ಹಿಡಿದರೆ ಹಳ್ಳ ದಾಟುವ ಸಂಕಗಳು ಮುಳುಗುತ್ತಿದ್ದವು. ಕಾನಿನ ದಾರಿಗಳನ್ನು ಉಂಬಳಗಳು ಕಾಯುತ್ತಿದ್ದವು. ಆರಿದ್ರಾ, ಪುನರ್ವಸು, ಪುಷ್ಯ ಕಳೆಯುವವರೆಗೆ ಕಾಡು ಕಾಡಿನ ಪಾಡಿಗೆ, ಮನುಷ್ಯ ಗದ್ದೆ ತೋಟಗಳ ಪಾಡಿಗೆ ಇರುತ್ತಿದ್ದರು. ಇಂದು ಗುಡ್ಡದ ಬುಡದವರೆಗೂ ಡಾಂಬರು ರಸ್ತೆ, ಹಳ್ಳಗಳಿಗೆ ಸೇತುವೆ, ಕೈಯಲ್ಲಿ ದಾರಿ ತೋರಿಸುವ ಮೊಬೈಲು. ಆ ಹಳೆಯ ಕಾವಲುಗಳು ಒಂದೊಂದಾಗಿ ತೆರವಾಗಿವೆ.

ಮಳೆಯಲ್ಲಿ ಕಾಡು ಮಾಡುವ ಕೆಲಸ

ಈ ಬಿಡುವಿನಲ್ಲಿ ಕಾಡು ಏನು ಮಾಡುತ್ತದೆ ಎಂಬುದನ್ನು ಅರಿತರೆ ಕಾವಲು ಏಕೆ ಬೇಕಿತ್ತೆಂಬುದು ತಿಳಿಯುತ್ತದೆ.

ಮೊದಲನೆಯದು ಮಣ್ಣು. ಒಣಗಿದ ಮಣ್ಣು ತುಳಿತವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ನೀರು ಹೀರಿದ ಮಣ್ಣು ತಾಳದು. ಹಸಿಮಣ್ಣಿನ ಮೇಲೆ ಕಾಲು, ಅದಕ್ಕಿಂತ ಹೆಚ್ಚಾಗಿ ಚಕ್ರ ಒತ್ತಿದಾಗ ಕಣಗಳ ನಡುವಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ಒಳಗೆ ಇಳಿಯಬೇಕಾದ ಮಳೆನೀರು ಮೇಲೆಯೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಕಾಲುದಾರಿ ಮೊದಲು ಕಾಲುವೆಯಾಗಿ, ಬಳಿಕ ಕೊರಕಲಾಗುತ್ತದೆ. ಜನ ಕೊರಕಲನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲಿ ಇನ್ನೊಂದು ದಾರಿ. 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯ ಹುಲ್ಲುಗಾವಲು ಮತ್ತು ಅದರ ಮಡಿಲಿನ ಶೋಲಾ ಕಾಡು ಸ್ಪಂಜಿನಂತೆ ನೀರು ಹಿಡಿದು ಬೇಸಿಗೆಯ ಹಳ್ಳಗಳಿಗೆ ಹನಿಹನಿಯಾಗಿ ಕೊಡುತ್ತವೆ. ಜುಲೈ ತಿಂಗಳ ಕೆಸರಿನಲ್ಲಿ ಜೀಪುಗಳು ಉತ್ತ ದಾರಿಯ ಬೆಲೆಯನ್ನು ಕೆಳಗಿನ ಕಣಿವೆಯ ತೋಟದವರು ಏಪ್ರಿಲ್ ತಿಂಗಳಿನಲ್ಲಿ ತೆರುತ್ತಾರೆ.

ಎರಡನೆಯದು ಬೀಜ. ಭತ್ತ, ರಾಗಿಗಳಂತೆ ಒಣಗಿಸಿ ಕೂಡಿಡಲಾಗದ ಬೀಜಗಳು ಮಲೆನಾಡಿನ ಕಾಡಿನಲ್ಲಿ ಬಹಳ. ಹಲಸು, ಮಾವು, ಸಾಲುಧೂಪಗಳ ಬೀಜ ನೆಲಕ್ಕೆ ಬಿದ್ದ ಮೇಲೆ ತೇವವಿರುವಾಗಲೇ ಮೊಳೆಯಬೇಕು; ಒಣಗಿದರೆ ಸತ್ತಂತೆ. ಆದ್ದರಿಂದ ಈ ಮರಗಳು ಹಣ್ಣನ್ನು ಮಳೆಯ ಮುಂಚೂಣಿಗೆ ಸರಿಹೊಂದಿಸಿಕೊಂಡಿವೆ. ಜೂನ್, ಜುಲೈಗಳಲ್ಲಿ ಕಾನಿನ ನೆಲವೆಂದರೆ ಸಸಿಮಡಿಯೇ ಸರಿ. ಗದ್ದೆಯ ಸಸಿಮಡಿಯಲ್ಲಿ ಯಾರಾದರೂ ಓಡಾಡಿದರೆ ಸುಮ್ಮನಿರದ ರೈತ, ಕಾನಿನ ಸಸಿಮಡಿಯಲ್ಲಿ ನೂರಾರು ಜನ ನಡೆದರೂ ಸುಮ್ಮನಿರುತ್ತಾನೆ.

ಮೂರನೆಯದು ನೀರಿನ ಜೀವಗಳು. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನುಗಳನ್ನು ಮಲೆನಾಡಿನ ಮಕ್ಕಳಿಗೆ ಪರಿಚಯಿಸಬೇಕಿಲ್ಲ. ಅವು ಏರುವುದು ಮೊಟ್ಟೆಯಿಡಲು. ಇದೇ ತಿಂಗಳುಗಳಲ್ಲಿ ಕಪ್ಪೆಗಳ ಕೂಗು. ಜೋಗದಿಂದ ಹೊನ್ನಾವರದತ್ತ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಅಲ್ಲಿನ ರಾಂಪತ್ರೆ ಜಡ್ಡಿಯಲ್ಲಿ ಬದುಕುವ ಒಂದು ಪುಟ್ಟ ಕಪ್ಪೆ ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತಿ ಕಾಪಾಡುತ್ತದೆ. ಮಡಕೆ ಮಾಡುವವರ ಕೆಲಸವನ್ನು ನೆನಪಿಸುವ ಈ ರೂಢಿಯಿಂದಾಗಿ ವಿಜ್ಞಾನಿಗಳು 2014ರಲ್ಲಿ ಅದಕ್ಕೆ ‘ಕುಂಬಾರ’ ಎಂಬ ಕನ್ನಡ ಹೆಸರನ್ನೇ ಶಾಸ್ತ್ರೀಯ ನಾಮವಾಗಿ ಇಟ್ಟರು. ಸಾವಿರಾರು ವಾಹನಗಳು ಪಕ್ಕದ ಹೆದ್ದಾರಿಯಲ್ಲಿ ಹಾದುಹೋದರೂ ಆ ಜಡ್ಡಿಯೊಳಗೆ ರಾತ್ರಿಯ ಮೌನ ಉಳಿದಿದ್ದುದರಿಂದ ಆ ಜೀವ ಉಳಿದು ಬಂದಿತು.

ಚಳಿಗಾಲ, ಬೇಸಿಗೆಗಳಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಉಣ್ಣೆಮರಿಗಳು ದರಗೆಲೆಗಳ ನಡುವೆ ಹೆಚ್ಚುವುದು ಡಿಸೆಂಬರಿನಿಂದ ಮೇ ವರೆಗೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗ ಅನುಭವಿಸಿದ ಸಾವುನೋವನ್ನು ಯಾರೂ ಮರೆತಿಲ್ಲ. ಊರವರು ಕಾಡಿಗೆ ಹೋಗಲು ಅಂಜುವ ತಿಂಗಳುಗಳಲ್ಲಿ ಹೊರಗಿನವರನ್ನು ಯಾವ ಮಾಹಿತಿಯನ್ನೂ ನೀಡದೆ ಕಾಡುದಾರಿಗೆ ಕಳುಹಿಸುವುದು ಆತಿಥ್ಯವೆನಿಸದು.

ಹೇರಿದ ಮೌನ, ಆರಿಸಿಕೊಂಡ ಮೌನ

ಮೌನದ ಮಾತನ್ನಾಡುವಾಗ ಎಚ್ಚರ ಬೇಕು. ಶರಾವತಿ ಹಿನ್ನೀರಿನ ಆಚೆಯ ಕರೂರು, ಬಾರಂಗಿ ಹೋಬಳಿಗಳ ಜನರಿಗೆ ಮೌನದ ಗುಣಗಾನ ಮಾಡಿ ತೋರಿಸಿದರೆ ಅವರು ಸಿಟ್ಟಾಗುವುದು ನ್ಯಾಯವೇ. 1964ರ ಅಣೆಕಟ್ಟಿನ ನೀರು ಅವರ ಗದ್ದೆ, ತೋಟ, ದಾರಿಗಳನ್ನು ಮುಳುಗಿಸಿ, ಉಳಿದ ಊರುಗಳನ್ನು ದ್ವೀಪದಂತೆ ಬೇರ್ಪಡಿಸಿತು. ನಾಡಿಗೆ ಬೆಳಕು ಕೊಟ್ಟವರ ಪಾಲಿಗೆ ಉಳಿದದ್ದು ಹೊಳೆಬಾಗಿಲಿನ ಲಾಂಚು. ಕೊನೆಯ ಲಾಂಚು ಹೋದ ಮೇಲೆ ಹೆರಿಗೆಯ ನೋವು ಬಂದರೂ ಹಾವು ಕಚ್ಚಿದರೂ ಸುತ್ತುಬಳಸಿನ ದೂರದ ದಾರಿಯೊಂದೇ ಗತಿ. ಮಳೆ ತಡವಾದ 2023ರ ಜೂನ್‌ನಲ್ಲಿ ಹಿನ್ನೀರು ತೀರ ಇಳಿದು ಲಾಂಚಿನಲ್ಲಿ ವಾಹನ ಸಾಗಿಸಲಾಗದ ಸ್ಥಿತಿಯೂ ಬಂದಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ತೂಗುಸೇತುವೆ ಉದ್ಘಾಟನೆಯಾದಾಗ ಆರು ದಶಕಗಳ ಒಂದು ಅನ್ಯಾಯ ತಡವಾಗಿಯಾದರೂ ಕೊನೆಗೊಂಡಿತು. ಅದನ್ನು ಪರಿಸರದ ಹೆಸರಿನಲ್ಲಿ ಹಳಿಯುವವರು ಒಮ್ಮೆ ರಾತ್ರಿ ಹೊತ್ತು ರೋಗಿಯೊಡನೆ ದಡದಲ್ಲಿ ಕಾದವರ ಜಾಗದಲ್ಲಿ ನಿಂತು ಯೋಚಿಸಬೇಕು.

ಆದರೆ ಸೇತುವೆ ಒಮ್ಮುಖದ ದಾರಿಯಲ್ಲ. ಲಾಂಚು ಅರಿವಿಲ್ಲದೆಯೇ ಒಂದು ಜರಡಿಯ ಕೆಲಸ ಮಾಡುತ್ತಿತ್ತು. ಒಮ್ಮೆಗೆ ಎಷ್ಟು ವಾಹನ, ದಿನಕ್ಕೆ ಎಷ್ಟು ಸಲ ಎಂಬುದಕ್ಕೆ ತಾನಾಗಿಯೇ ಮಿತಿ ಇತ್ತು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬಂದವರು ಲಾಂಚಿನ ವೇಳೆ ನೋಡಿಕೊಂಡು ಮರಳುತ್ತಿದ್ದರು. ಸಂಜೆಯಾದ ಮೇಲೆ ದ್ವೀಪ ದ್ವೀಪದವರದೇ ಆಗುತ್ತಿತ್ತು. ಈಗ ಆ ಜರಡಿಯಿಲ್ಲ. ಬರುವವರಿಗೆ ಹೊತ್ತಿಲ್ಲ, ಸಂಖ್ಯೆಗೆ ಮಿತಿಯಿಲ್ಲ. ದಾರಿಬದಿಯ ಜಾಗಕ್ಕೆ ಬೆಲೆ ಬಂದಾಗ ಕೊಳ್ಳುವವನು ಯಾರು, ಮಾರುವವನು ಯಾರು ಎಂಬ ಪ್ರಶ್ನೆ ಏಳುತ್ತದೆ. ಒಮ್ಮೆ ನೀರಿಗೆ ಭೂಮಿ ಕಳೆದುಕೊಂಡ ಜನ ಎರಡನೆಯ ಬಾರಿ ಹಣಕ್ಕೆ ಕಳೆದುಕೊಳ್ಳಬಾರದು.

ಅರುವತ್ತು ವರ್ಷ ಆ ಜನರ ಮೇಲಿದ್ದದ್ದು ಹೇರಿದ ಮೌನ. ಅದು ಹೋದದ್ದು ಒಳ್ಳೆಯದೇ. ಎಷ್ಟು ಮೌನ ಬೇಕು, ಯಾವಾಗ ಬೇಕು, ಎಲ್ಲಿ ಬೇಕು ಎಂದು ಆರಿಸಿಕೊಳ್ಳುವ ಅಧಿಕಾರ ಈಗ ಮೊದಲ ಬಾರಿಗೆ ಅವರ ಕೈಗೆ ಬರಬಹುದಾಗಿದೆ. ಆ ಅಧಿಕಾರವನ್ನು ಊರು ಕೈಗೆತ್ತಿಕೊಳ್ಳದಿದ್ದರೆ ಬೇರೆಯವರು ಎತ್ತಿಕೊಳ್ಳುವುದು ನಿಶ್ಚಿತ.

ಅತಿಥಿ ಬೇಕಾದ ಕಾರಣ

ಹೋಂಸ್ಟೇ ನಡೆಸುವವರನ್ನು ಆಸೆಬುರುಕರೆಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ಮೂರೂ ತಾಲೂಕುಗಳಲ್ಲಿ ಈಚಿನ ವರ್ಷಗಳಲ್ಲಿ ಅಡಿಕೆಯ ಎಲೆಚುಕ್ಕೆ ರೋಗ ತೋಟದಿಂದ ತೋಟಕ್ಕೆ ಹಬ್ಬಿದೆ. ಮಳೆಹನಿಯ ಸಿಡಿತದಿಂದಲೇ ಹರಡುವ ಈ ಶಿಲೀಂಧ್ರಕ್ಕೆ ಎತ್ತರದ ಮರದ ಹೆಡೆಗಳವರೆಗೆ ಔಷಧಿ ಮುಟ್ಟಿಸುವುದು ಕಷ್ಟ, ಮುಟ್ಟಿಸುವ ಕೈಗಳು ಸಿಗುವುದು ಇನ್ನೂ ಕಷ್ಟ. ಗದ್ದೆಗಳನ್ನು ತೋಟ ಮಾಡಿದ ಮೇಲೆ ಊಟದ ಅಕ್ಕಿ ಪೇಟೆಯದು. ಮಕ್ಕಳು ಬೆಂಗಳೂರಿನಲ್ಲಿ. ದೊಡ್ಡ ಮನೆಯಲ್ಲಿ ಇಬ್ಬರು ಹಿರಿಯರು. ಖಾಲಿ ಕೋಣೆಗೆ ಅತಿಥಿ ಬಂದರೆ ಹಣವೂ ಆಯಿತು, ಮಾತಿಗೆ ಜನವೂ ಆಯಿತು. ಹಳ್ಳಿಗೆ ಮರಳಿದ ಯುವಕನೊಬ್ಬನಿಗೆ ಬದುಕುವ ದಾರಿಯೊಂದು ಸಿಕ್ಕಿತು. ಇವೆಲ್ಲ ಸತ್ಯವೇ.

ಆದರೆ ಅಡಿಕೆಯೆಂಬ ಒಂದೇ ಬೆಳೆಯನ್ನು ನಂಬಿ ಕೆಟ್ಟವರು ಪ್ರವಾಸಿಯೆಂಬ ಇನ್ನೊಂದೇ ಬೆಳೆಯನ್ನು ನಂಬಿದರೆ ಆಪತ್ತು ತಪ್ಪದು. ಏಕಬೆಳೆಯ ಲಕ್ಷಣ ಎಲ್ಲೆಡೆಯೂ ಒಂದೇ. ಬೆಲೆ ಹೊರಗಿನವರ ಕೈಯಲ್ಲಿರುತ್ತದೆ, ರೋಗ ಬಂದರೆ ಒಟ್ಟಿಗೇ ಬರುತ್ತದೆ, ನೆಲಕ್ಕೆ ಬಿಡುವೆಂಬುದಿರುವುದಿಲ್ಲ. 2025ರ ಆರಂಭದ ತಿಂಗಳುಗಳಲ್ಲಿ ಪ್ರವೇಶದ್ವಾರದ ಕಾಮಗಾರಿಗೆಂದು ಜೋಗದ ವೀಕ್ಷಣಾ ಸ್ಥಳವನ್ನು ಪ್ರವಾಸಿಗರಿಗೆ ಮುಚ್ಚಲಾಗಿತ್ತು. ಜಲಪಾತದ ಸೆರಗಿನಲ್ಲಿ ಬದುಕು ಕಟ್ಟಿಕೊಂಡ ಅಂಗಡಿ, ಖಾನಾವಳಿಗಳಿಗೆ ಆಗ ಇನ್ನೊಂದು ಆಧಾರವಿತ್ತೇ ಎಂಬುದನ್ನು ಪ್ರತಿ ಪ್ರವಾಸಿ ತಾಣದವರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಬಿಡುವನ್ನು ಬರೆದಿಡುವುದು

ಬಿಡುವಿನ ಕಾಲವನ್ನು ನಿಯಮವಾಗಿ ಬರೆದಿಡುವುದು ಹೊಸದೇನೂ ಅಲ್ಲ. ರಾಜ್ಯದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವದು. ಆ ದಿನಗಳಲ್ಲಿ ಬಡ ಮೀನುಗಾರರ ಮನೆ ನಡೆಯಬೇಕೆಂದು ಉಳಿತಾಯ ಮತ್ತು ಪರಿಹಾರ ಯೋಜನೆಯೊಂದಿದೆ. ಮೀನುಗಾರ ಸುಗ್ಗಿಯಲ್ಲಿ ಸ್ವಲ್ಪ ಕಟ್ಟಿದರೆ ಸರ್ಕಾರ ತನ್ನ ಪಾಲು ಸೇರಿಸಿ ಬಿಡುವಿನಲ್ಲಿ ಕೊಡುತ್ತದೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆಯಿದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಮಿತಿಮೀರಿ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಮುಂಗಡ ನೋಂದಣಿ ಮತ್ತು ಸಂಖ್ಯೆಯ ಮಿತಿಯನ್ನು ತಂದಿತು. ಕಡಲಿಗೆ, ಹುಲಿಕಾಡಿಗೆ ಸಲ್ಲುವ ನಿಯಮ ಮಲೆನಾಡಿನ ಹಳ್ಳದ ಮೂಲಗಳಿಗೂ ಸಲ್ಲಬೇಕು. ಮೇಲಿನಿಂದ ಆದೇಶ ಬರಲಿ ಎಂದು ಕಾಯದೆ ಗ್ರಾಮಸಭೆಗಳೇ ಚರ್ಚೆ ಆರಂಭಿಸಬಹುದು. ಚರ್ಚೆಗೆ ಕೆಲವು ಅಂಶಗಳು:

1. ಮೃಗಶಿರಾದಿಂದ ಪುಷ್ಯ ಮಳೆ ಮುಗಿಯುವವರೆಗೆ, ಅಂದರೆ ಜೂನ್ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ, ಹುಲ್ಲುಗಾವಲಿನ ಚಾರಣದಾರಿ, ರಾಂಪತ್ರೆ ಜಡ್ಡಿ, ಹಳ್ಳದ ಮೂಲ, ದೇವರಕಾಡುಗಳಿಗೆ ಪೂರ್ಣ ಬಿಡುವು. ಜೋಗದ ವೀಕ್ಷಣಾ ಸ್ಥಳ, ದೇವಸ್ಥಾನ, ಹೆದ್ದಾರಿಗಳು ಎಂದಿನಂತೆ ತೆರೆದಿರಲಿ. ಎಲ್ಲವನ್ನೂ ಮುಚ್ಚಬೇಕೆಂಬುದು ಅಗತ್ಯವೂ ಅಲ್ಲ, ಸಾಧ್ಯವೂ ಅಲ್ಲ.

2. ಸಂಕಷ್ಟಕ್ಕೆ ಒಳಗಾಗುವ ಜೀಪು ಚಾಲಕರು, ಸಣ್ಣ ಅಂಗಡಿಯವರಿಗೆ ಮೀನುಗಾರರ ಮಾದರಿಯ ಉಳಿತಾಯ ನಿಧಿ. ಸುಗ್ಗಿಯಲ್ಲಿ ಸಂಗ್ರಹವಾಗುವ ಪ್ರವೇಶ ಶುಲ್ಕದ ಒಂದು ಪಾಲು ಇದಕ್ಕೆ ಸೇರಬೇಕು. ಬಿಡುವಿನ ಹೊರೆಯನ್ನು ಬಡವರೊಬ್ಬರೇ ಹೊರುವ ನಿಯಮ ಬಾಳದು.

3. ಹೋಂಸ್ಟೇಗೆ ಅನುಮತಿ ನೀಡುವಾಗ ಪಂಚಾಯಿತಿ ಮೂರು ಪ್ರಶ್ನೆ ಕೇಳಲಿ. ಬೇಸಿಗೆಯ ಕೊನೆಯಲ್ಲಿ ನೀರು ಎಲ್ಲಿಂದ? ಕಸ ಮತ್ತು ಕೊಳಚೆ ಎಲ್ಲಿಗೆ? ಗುಡ್ಡ ಕಡಿದು ಕಟ್ಟಡ ಕಟ್ಟಲಾಗಿದೆಯೇ? 2018ರಲ್ಲಿ ಕೊಡಗು, 2024ರಲ್ಲಿ ವಯನಾಡು ಕಂಡ ದುರಂತಗಳ ನಂತರ ಮೂರನೆಯ ಪ್ರಶ್ನೆಯನ್ನು ಕೇಳದಿರುವುದು ಅಪರಾಧಕ್ಕೆ ಸಮ.

4. ಪ್ರತಿ ಮನೆಯೂ ‘ಖಾಲಿ ತಿಂಗಳ ಲೆಕ್ಕ’ ಬರೆಯಲಿ. ಅತಿಥಿಗಳಿಲ್ಲದ ತಿಂಗಳಲ್ಲಿ ಮನೆಗೆ ಬರುವ ಆದಾಯ ಯಾವುದು? ಅಪ್ಪೆಮಿಡಿ, ಉಪ್ಪಾಗೆ, ಕಾಳುಮೆಣಸು, ಜೇನು, ಹಪ್ಪಳ, ಹೈನು, ಇವುಗಳಲ್ಲಿ ಎರಡಾದರೂ ಗಟ್ಟಿಯಾದ ಮೇಲೆ ಕೋಣೆ ಕಟ್ಟುವ ಸಾಲಕ್ಕೆ ಕೈಹಾಕುವುದು ವಿವೇಕ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದು ವರ್ಷಗಳೇ ಕಳೆದರೂ ಹೊಳೆದಂಡೆಯ ತಾಯಿಮರಗಳು ಮಿಡಿಗಾಗಿ ಕೊಂಬೆ ಕಡಿಸಿಕೊಂಡು ಸೊರಗುತ್ತಿವೆ. ಅವುಗಳ ಕಸಿ ಮಾಡಿ ಬ್ಯಾಣದಲ್ಲಿ ಬೆಳೆಸುವುದಕ್ಕೂ ಮಳೆಗಾಲವೇ ತಕ್ಕ ಕಾಲ.

5. ಬಿಡುವಿನ ಅವಧಿಯಲ್ಲಿ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಮಳೆ ಅಳೆಯಲಿ. ಯಾವ ಹಳ್ಳಕ್ಕೆ ಯಾವ ದಿನ ಮೀನು ಹತ್ತಿತು, ಯಾವ ಕಪ್ಪೆ ಯಾವ ರಾತ್ರಿ ಕೂಗಿತು, ಯಾವ ದಾರಿಯಲ್ಲಿ ಕೊರಕಲು ಎಷ್ಟು ಆಳವಾಯಿತು ಎಂಬುದನ್ನು ದಾಖಲಿಸಲಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ಮೂರು ವರ್ಷ ಬರೆದರೆ ಬಿಡುವಿನ ದಿನಾಂಕಗಳು ಸರಿಯಿವೆಯೇ ಎಂಬುದನ್ನು ಊರೇ ತಿದ್ದಿಕೊಳ್ಳಬಹುದು.

ಇದಕ್ಕೆ ಆಕ್ಷೇಪಗಳು ಬರುತ್ತವೆ. ಒಂದು ಊರು ಬಾಗಿಲು ಹಾಕಿದರೆ ಪ್ರವಾಸಿಗರು ಪಕ್ಕದ ಊರಿಗೆ ಹೋಗುತ್ತಾರೆ ಎಂಬುದು ಮೊದಲನೆಯದು. ನಿಜ, ಆದ್ದರಿಂದಲೇ ಒಂದು ಹೊಳೆಯ ಕಣಿವೆಯ ಪಂಚಾಯಿತಿಗಳೆಲ್ಲ ಒಟ್ಟಿಗೆ ಕೂತು ನಿರ್ಧರಿಸಬೇಕು. ಮೀನುಗಾರಿಕೆಯ ತಡೆಯೂ ಒಂದು ಬಂದರಿಗೆ ಮಾತ್ರ ಇದ್ದಿದ್ದರೆ ನಡೆಯುತ್ತಿರಲಿಲ್ಲ. ಕಾಡು ನೋಡುವ ಹಕ್ಕು ಎಲ್ಲರಿಗೂ ಇದೆ ಎಂಬುದು ಎರಡನೆಯ ಆಕ್ಷೇಪ. ಹಕ್ಕು ಇದೆ. ಬಾಣಂತಿಯ ಕೋಣೆಗೆ ನೆಂಟರು ಯಾವಾಗ ಹೋಗಬೇಕೆಂಬ ರೀತಿಯೂ ಈ ನಾಡಿಗೆ ಗೊತ್ತಿದೆ.

ಹೊಸನಗರ ತಾಲೂಕಿನಲ್ಲಿ ನಗರ ಎಂಬ ಹೆಸರಿನ ಹಳ್ಳಿಯಿದೆ. ಅದು ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರವೆಂದು ಕರೆದ. ಅರಸರು ಹೋದರು, ದಂಡು ಹೋಯಿತು, ಪೇಟೆ ಕರಗಿತು, ಕೊನೆಗೆ ತಾಲೂಕಿನ ಕಚೇರಿಯೂ ಹೊಸನಗರಕ್ಕೆ ಹೋಯಿತು. ಉಳಿದದ್ದು ಕೋಟೆಯ ಗೋಡೆ, ಕೆರೆಗಳು, ಮತ್ತು ಗದ್ದೆ ತೋಟಗಳನ್ನು ಬಿಡದೆ ಮಾಡಿಕೊಂಡು ಬಂದ ಜನ. ಬಂದವರು ಮರಳುವುದು ಈ ಸೀಮೆಗೆ ಹೊಸ ಅನುಭವವಲ್ಲ. ಮರಳಿದ ಮೇಲೆ ನೆಲದಲ್ಲಿ ತೇವ, ಹಳ್ಳದಲ್ಲಿ ನೀರು, ಮನೆಯಲ್ಲಿ ಕೆಲಸ ಉಳಿದಿರಬೇಕು. ಮುಂದಿನ ಮೃಗಶಿರಾ ಮಳೆಗೆ ಮುನ್ನ ನಡೆಯುವ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಈ ಒಂದು ವಿಷಯವನ್ನು ಸೇರಿಸುವಂತೆ ಪ್ರತಿ ಊರಿನಿಂದ ನಾಲ್ಕು ಜನ ಬರೆದು ಕೊಟ್ಟರೆ ಸಾಕು, ಕೆಲಸ ಆರಂಭವಾದಂತೆಯೇ.